ಎಂಜಿನ್ ನುಂಗುವುದು ಯಾವ ಊರಿನ ಗಾಳಿ?

ಕೇಳುಗರಿಗೆ ನಮಸ್ಕಾರ. ಮಂಗಳೂರಿನ ಬಜ್ಪೆಯಿಂದ ಏರುವ ವಿಮಾನದ ಸದ್ದು ನಿಮ್ಮಲ್ಲಿ ಹಲವರಿಗೆ ದಿನವೂ ಕೇಳಿಸುತ್ತದೆ. ಆ ಎಂಜಿನ್ ಮುಂದಿನಿಂದ ಗಾಳಿ ಎಳೆದುಕೊಂಡು, ಕಂಪ್ರೆಸರ್‌ನಲ್ಲಿ ಒತ್ತಿ, ಇಂಧನ ಸೇರಿಸಿ ಉರಿಸುತ್ತದೆ. ಬಿಸಿ ಅನಿಲ ಟರ್ಬೈನನ್ನು ತಿರುಗಿಸುತ್ತದೆ, ಟರ್ಬೈನ್ ಕಂಪ್ರೆಸರನ್ನು ತಿರುಗಿಸುತ್ತದೆ. ಇವೆರಡರ ಕೊಡು-ಕೊಳ್ಳುವಿಕೆ ತಾಳೆಯಾಗುವವರೆಗೆ ಕಂಪ್ಯೂಟರ್ ಮತ್ತೆ ಮತ್ತೆ ಲೆಕ್ಕ ಹಾಕುತ್ತದೆ. ಎಂಜಿನನ್ನು ಹೀಗೆ ಕಂಪ್ಯೂಟರಿನಲ್ಲೇ ಓಡಿಸಿ ನೋಡುವುದೇ ಸಿಮ್ಯುಲೇಶನ್. ಅದು ಸುಧಾರಿಸಬೇಕಾದರೆ ದೊಡ್ಡ ಕಂಪ್ಯೂಟರ್ ಬೇಡ, ಸರಿಯಾದ ಅಳತೆ ಬೇಕು.

ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಮೇ ತಿಂಗಳಲ್ಲಿ ತನ್ನ ಪ್ರಾಜೆಕ್ಟ್ ತೋರಿಸಲು ಬಂದಿದ್ದ. ಬಣ್ಣಬಣ್ಣದ ನಕ್ಷೆಗಳು, ದಶಾಂಶದ ನಂತರ ಆರು ಅಂಕಿಗಳು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. 'ಗಾಳಿ ಎಷ್ಟು ಬಿಸಿ ಎಂದು ಕೊಟ್ಟಿದ್ದೀಯಪ್ಪ?' ಎಂದು ಕೇಳಿದೆ. '15 ಡಿಗ್ರಿ ಸರ್, ಒಣ ಗಾಳಿ. ಪುಸ್ತಕದಲ್ಲಿ ಹಾಗೇ ಇದೆ.' ಇದೆ, ಅದು ಅಂತರರಾಷ್ಟ್ರೀಯ ಮಾನಕ. ಆದರೆ ಕುಡ್ಲದಲ್ಲಿ, ಅಂದರೆ ನಮ್ಮ ಮಂಗಳೂರಿನಲ್ಲಿ, 15 ಡಿಗ್ರಿಯ ಒಣ ಗಾಳಿಯನ್ನು ಕಂಡವರು ಯಾರು? ಅಲ್ಲೇ ಕೂರಿಸಿ 33 ಡಿಗ್ರಿ, ಶೇಕಡಾ 70 ತೇವಾಂಶ ಎಂದು ಬರೆಸಿದೆ. ಗಾಳಿಯ ಸಾಂದ್ರತೆ ಶೇಕಡಾ ಆರಕ್ಕಿಂತ ಹೆಚ್ಚು ಇಳಿಯಿತು. ಪ್ರತಿ ಕಿಲೋ ಒಣ ಗಾಳಿಯ ಜೊತೆ ಸುಮಾರು 22 ಗ್ರಾಂ ನೀರಾವಿ ಸೇರಿತು. ಹಪ್ಪಳದ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಏನಾಗುತ್ತದೆಂದು ನಮ್ಮ ಮನೆಗಳಲ್ಲಿ ಗೊತ್ತು, ಕಂಪ್ಯೂಟರಿಗೆ ಮಾತ್ರ ಯಾರೂ ಹೇಳಿರಲಿಲ್ಲ! ಗಾಳಿ ತೆಳುವಾದ ಮೇಲೂ ಮೊದಲಿನಷ್ಟೇ ನೂಕುಬಲ ಬೇಕೆಂದು ಕೇಳಿದ್ದಕ್ಕೆ ಅವನ ಟರ್ಬೈನಿನ ಉಷ್ಣತೆ ಏರುತ್ತಾ ಹೋಯಿತು. ಹುಡುಗ ಸುಮ್ಮನೆ ಪರದೆಯನ್ನೇ ನೋಡುತ್ತಿದ್ದ. ಮರುದಿನ ಬೆಳಿಗ್ಗೆ ಹವಾಮಾನದ ಅಂಕಿಗಳನ್ನು ಹಿಡಿದುಕೊಂಡು ಬಂದ. ನನಗೆ ಬೇಕಿದ್ದುದು ಅದೇ.

ಮತ್ತೆ ಹೇಳುತ್ತೇನೆ, ಅಳತೆ. ಗಾಳಿಯ ವಿಶಿಷ್ಟೋಷ್ಣ, ಅಂದರೆ ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖ, ಎಲ್ಲ ಕಡೆ ಒಂದೇ ಎಂದು ಹಿಡಿಯಬೇಡಿ. ಕೋಣೆಯ ಉಷ್ಣತೆಯಲ್ಲಿ ಕಿಲೋಗೆ, ಡಿಗ್ರಿಯೊಂದಕ್ಕೆ ಸುಮಾರು ಒಂದು ಕಿಲೋಜೌಲ್ ಇರುವುದು ದಹನಕೋಶದ ಉರಿಯಲ್ಲಿ ಸುಮಾರು 1.2ಕ್ಕೆ ಏರುತ್ತದೆ. ಯಾವ ವೇಗದಲ್ಲಿ ಎಷ್ಟು ಗಾಳಿ, ಎಷ್ಟು ಒತ್ತಡ ಎಂದು ತೋರಿಸುವ ಕಂಪ್ರೆಸರ್ ನಕ್ಷೆಯನ್ನು ಬೇರೊಂದು ಎಂಜಿನಿನಿಂದ ಎರವಲು ತಂದು ಹಿಗ್ಗಿಸಿ ಕುಗ್ಗಿಸಿ ಕೂರಿಸುವವರೂ ಇದ್ದಾರೆ. ಆರಂಭಕ್ಕೆ ಆಗಬಹುದು, ಆಮೇಲೆ ನಿಜವಾದ ಎಂಜಿನನ್ನು ಕೂರಿಸಿ ಓಡಿಸಿ ಅಳೆಯುವ ಪರೀಕ್ಷಾಮಂಚದ ಅಂಕಿಗಳಿಗೆ ಹೊಂದಿಸಲೇಬೇಕು. ಎಂಜಿನ್ ಹಳತಾದಂತೆ ಅಲಗುಗಳ ಮೇಲೆ ಉಪ್ಪು, ಧೂಳು ಕೂರುತ್ತವೆ. ಹೊಸ ಎಂಜಿನಿನ ಲೆಕ್ಕ ಆಗ ನಡೆಯುವುದಿಲ್ಲ. ಅದಕ್ಕಾಗಿಯೇ ಕಂಪ್ರೆಸರನ್ನು ನೀರಿನಿಂದ ತೊಳೆಯುತ್ತಾರೆ. ತೊಳೆಯುವ ಮೊದಲು ಒಮ್ಮೆ, ತೊಳೆದ ಮೇಲೆ ಒಮ್ಮೆ ಟರ್ಬೈನಿನ ಅನಿಲದ ಉಷ್ಣತೆ ಅಳೆದರೆ ಸಿಮ್ಯುಲೇಶನ್‌ಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅದರ ವಿವರಕ್ಕೆ ಹೋಗೋಣವೆಂದರೆ ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ನಮಸ್ಕಾರ.