ನಾಯಿ ಫುಡ್ ತರಲು ಹೋಗಿ ಒಂದೂವರೆ ಗಂಟೆ ಲೇಬಲ್ ಓದಿದೆ

ಮಂಚದ ಕೆಳಗಿಂದ ಕಾಣುತ್ತಿರುವ ಆ ಬಾಲ ಬೋಂಡನದು. ಬೆಳಿಗ್ಗೆ ಸ್ನಾನ ಮಾಡಿಸಿದ್ದಕ್ಕೆ ಮುನಿಸು. ನಮ್ಮ ವಿಡಿಯೋಗಳಿಗೆ ಹೊಸಬರಾದವರಿಗೆ ಹೇಳಿಬಿಡುತ್ತೇನೆ, ಬೋಂಡ ಬೀದಿಯಿಂದ ಬಂದ ನಾಟಿ ನಾಯಿ. ನಾಲ್ಕು ವರ್ಷ, 15 ಕೆಜಿ, ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಇವತ್ತು ಅವನಿಗೆ ಹೊಸ ಫುಡ್ ತರಬೇಕು. ಹಳೆಯದು ಏನಾಯಿತು ಅಂತೀರಾ? ಇಗೋ, ಈ ನೀಲಿ ಡ್ರಮ್ ನೋಡಿ.

ಈ ಡ್ರಮ್ ಬಗ್ಗೆ ಸ್ವಲ್ಪ ಜಾಸ್ತಿನೇ ಮಾತಾಡುತ್ತೇನೆ, ಸಹಿಸಿಕೊಳ್ಳಿ. ಮೂರು ತಿಂಗಳ ಹಿಂದೆ ಆಫರ್‌ನಲ್ಲಿ 10 ಕೆಜಿ ಚೀಲ ತಂದೆ. 3 ಕೆಜಿ ಪ್ಯಾಕ್ 780 ರೂಪಾಯಿ, 10 ಕೆಜಿ ಚೀಲ 2,200. ಕೆಜಿಗೆ 40 ರೂಪಾಯಿ ಉಳಿಯಿತು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇರುವೆ ಮುತ್ತಬಾರದು ಅಂತ ಅಷ್ಟನ್ನೂ ಡ್ರಮ್‌ಗೆ ಸುರಿದೆ. ಹೊರಗೆ ಕಸದ ಗಾಡಿಯವರು ಸೀಟಿ ಊದುತ್ತಿದ್ದರು. ಖಾಲಿ ಚೀಲ ಮಡಚಿ ಅವರ ಕೈಗೆ ಕೊಟ್ಟೆ. ಕೆಲಸ ಅಚ್ಚುಕಟ್ಟಾಯಿತು ಅಂದುಕೊಂಡೆ.

ಮೂರು ತಿಂಗಳಾಗುತ್ತಾ ಬಂದಾಗ ಬೋಂಡ ಬಟ್ಟಲು ಮೂಸೋದು, ನನ್ನ ಮುಖ ನೋಡೋದು, ಎದ್ದು ಹೋಗೋದು ಶುರುವಾಯಿತು. ನಖರಾ ಅಂತ ಬೈದೆ. ಮೂರನೇ ದಿನ ಹಸಿವು ತಡೆಯಲಾರದೆ ತಿಂದ. ರಾತ್ರಿ ಎರಡು ಸಲ ವಾಂತಿ. ಎರಡನೆಯದು ನನ್ನ ಹೊಸ ಚಪ್ಪಲಿ ಮೇಲೆ. ಆಗ ಡ್ರಮ್ ಒಳಗೆ ತಲೆ ಹಾಕಿ ಮೂಸಿದೆ ನೋಡಿ, ಕರಿದ ಎಣ್ಣೆಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟ ಹಾಗೆ ಕಮಟು ವಾಸನೆ. ನಾಯಿಗೆ ಮೊದಲ ದಿನವೇ ಗೊತ್ತಾಗಿದ್ದು ನನಗೆ ಗೊತ್ತಾಗಲು ಒಂದು ಜೊತೆ ಚಪ್ಪಲಿ ಹೋಯಿತು.

ನಾಯಿ ಫುಡ್‌ನ ಈ ಒಣ ಕಾಳುಗಳನ್ನು ಬೇಯಿಸಿ ಒಣಗಿಸಿದ ಮೇಲೆ ಹೊರಗಡೆಯಿಂದ ಕೊಬ್ಬು ಸಿಂಪಡಿಸುತ್ತಾರೆ. ರುಚಿಗೆ, ವಾಸನೆಗೆ. ಚೀಲ ಬಿಚ್ಚಿದ ದಿನದಿಂದ ಆ ಕೊಬ್ಬಿಗೆ ಗಾಳಿ ತಾಗಿ ಹಾಳಾಗುತ್ತಾ ಹೋಗುತ್ತದೆ. ಆರು ವಾರದೊಳಗೆ ಮುಗಿಸಿ ಅನ್ನುವುದು ಅದಕ್ಕೇ. ನನ್ನ ಡ್ರಮ್‌ನಲ್ಲಿ ಹಿಂದಿನ ಚೀಲದ ಎಣ್ಣೆ ಪಸೆ ಬೇರೆ ಅಂಟಿಕೊಂಡಿತ್ತು. ತೊಳೆದಿರಲಿಲ್ಲ. ಹೌದು, ಬೈಯಿರಿ.

ಕಂಪನಿಗೆ ಫೋನ್ ಮಾಡಿದೆ. ಹೆಸರು ಬೇಡ. "ಬ್ಯಾಚ್ ನಂಬರ್ ಹೇಳಿ ಮೇಡಂ." ಚೀಲ ಇಲ್ಲ ಅಂದೆ. "ಚೀಲದ ಮೇಲೇ ಇರುತ್ತೆ ಮೇಡಂ." ಚೀಲ ಇಲ್ಲಪ್ಪಾ ಅಂದೆ. "ಹಿಂಭಾಗದಲ್ಲಿ, ಕೆಳಗಡೆ ನೋಡಿ ಮೇಡಂ." ನಾಲ್ಕು ಸಲ ಇದೇ ಆಯಿತು. ಆ ಹುಡುಗನದೇನೂ ತಪ್ಪಿಲ್ಲ. ಮಾಲು ಕೆಟ್ಟಿತ್ತೋ, ನಾನು ಕೆಡಿಸಿದೆನೋ, ತಿಳಿಯುವ ದಾರಿಯನ್ನು ನಾನೇ ಕಸದ ಗಾಡಿಗೆ ಹಾಕಿದ್ದೆ. ಡಾಕ್ಟರ್ ಕೂಡ ಮೊದಲು ಕೇಳಿದ್ದು ಇದನ್ನೇ: ಚೀಲ ಇದೆಯಾ?

ಅಯ್ಯೋ, ಡ್ರಮ್ ಶಾಟ್ ಮುಗಿದು ಯಾವಾಗಲೋ ರಸ್ತೆಗೆ ಬಂದಿದ್ದೇವೆ. ಇದು ಮೈಸೂರು, ನಮ್ಮ ಕುವೆಂಪುನಗರ. ಆ ತಳ್ಳುಗಾಡಿ ಕಂಡಿತಾ? ಮರಿ ಇದ್ದಾಗ ಬೋಂಡ ಅದರ ಕೆಳಗೇ ಮಲಗಿರುತ್ತಿದ್ದ. ಅವರು ಕಡಾಯಿಯಲ್ಲಿ ಬಿಡುತ್ತಿದ್ದುದಕ್ಕೂ ಇವನಿಗೂ ಒಂದೇ ಬಣ್ಣ. ಹೆಸರು ಅಲ್ಲಿಂದಲೇ ಬಂತು. ಈಗ ಅಲ್ಲಿ ಗೋಬಿ ಮಾಡುತ್ತಾರೆ. ಬೋಂಡ ಮಾಡುವವರೇ ಕಡಿಮೆಯಾಗಿದ್ದಾರೆ, ನಿಮ್ಮ ಕಡೆಯೂ ಹಾಗೇನಾ? ಸರಿ, ಅಂಗಡಿ ಬಂತು.

ಮೊದಲಿಗೇ ಸಿಗುವುದು ಈ ಬಾಯಿ ತೆರೆದ ಮೂಟೆಗಳು. ಲೂಸ್ ಫುಡ್, ತೂಕ ಹಾಕಿ ಕೊಡುತ್ತಾರೆ. ಬೇಡ. ಯಾವತ್ತು ಬಿಚ್ಚಿದ್ದು, ಎಕ್ಸ್‌ಪೈರಿ ಯಾವಾಗ, ಯಾರಿಗೂ ಗೊತ್ತಿಲ್ಲ. ನನ್ನ ಡ್ರಮ್ ಕಥೆಯೇ ಇದು, ಅಂಗಡಿಯಲ್ಲಿ ನಡೆಯುತ್ತಿದೆ ಅಷ್ಟೇ.

ಈ ಚೀಲ ನೋಡಿ. ಮುಂದುಗಡೆ ಹೊಳೆಯುವ ಚಿಕನ್ ಲೆಗ್ ಪೀಸ್, ನನಗೇ ಬಾಯಲ್ಲಿ ನೀರು ಬಂತು. ಕೆಳಗೆ ಸಣ್ಣಕ್ಷರದಲ್ಲಿ ಚಿಕನ್ ಫ್ಲೇವರ್. ಅಮೆರಿಕದಲ್ಲಿ ಇದಕ್ಕೊಂದು ಲೆಕ್ಕ ಇದೆ. ಹೆಸರೇ ಚಿಕನ್ ಡಾಗ್ ಫುಡ್ ಅಂತಿದ್ದರೆ ನೀರು ಬಿಟ್ಟು 95 ಪರ್ಸೆಂಟ್ ಚಿಕನ್ ಇರಬೇಕು. ಚಿಕನ್ ಡಿನ್ನರ್ ಅಂದರೆ 25 ಸಾಕು. ವಿತ್ ಚಿಕನ್ ಅಂದರೆ ಬರೀ 3. ಫ್ಲೇವರ್ ಅಂದರೆ ರುಚಿ ತಿಳಿದರೆ ಆಯಿತು. ಒಂದು ಪದ ಹೆಚ್ಚಾದ ಹಾಗೆ ಒಳಗಿನ ಕೋಳಿ ಕಡಿಮೆ. ನಮ್ಮ ಅಂಗಡಿಯ ಚೀಲಗಳಿಗೆ ಆ ನಿಯಮ ಅನ್ವಯಿಸಲ್ಲ. ಆದರೂ ಅದನ್ನು ತಿಳಿದ ಮೇಲೆ ವಿತ್ ಅನ್ನುವ ಪದ ಕಂಡರೆ ನನಗೆ ಗುಮಾನಿ.

ಹಿಂಭಾಗಕ್ಕೆ ಬನ್ನಿ. ಅಕ್ಷರ ಇರುವೆ ಗಾತ್ರ, ಜೂಮ್ ಮಾಡಿದ್ದೇನೆ. ಯಾವುದು ತೂಕದಲ್ಲಿ ಜಾಸ್ತಿ ಹಾಕಿದ್ದಾರೋ ಅದು ಮೊದಲು ಬರುತ್ತದೆ. ಇದರಲ್ಲಿ ಫ್ರೆಶ್ ಚಿಕನ್ ಮೊದಲು. ಖುಷಿಪಡಬೇಡಿ, ಅದು ಬೇಯಿಸುವುದಕ್ಕೆ ಮುಂಚಿನ ತೂಕ. ಹಸಿ ಚಿಕನ್‌ನಲ್ಲಿ ಸುಮಾರು 70 ಪರ್ಸೆಂಟ್ ನೀರೇ ಇರುತ್ತದೆ. ನೀರು ಹೋದ ಮೇಲೆ ಅದು ಎಷ್ಟನೇ ಜಾಗಕ್ಕೆ ಇಳಿಯುತ್ತೋ. ಚಿಕನ್ ಮೀಲ್ ಅಂತ ಇದ್ದರೆ ನಾನು ಮೊದಲು ಮೂಗು ಮುರಿಯುತ್ತಿದ್ದೆ, ಪುಡಿ ಅಂತ. ಅದು ನೀರು ತೆಗೆದು ಒಣಗಿಸಿದ್ದು, ಹಾಗಾಗಿ ಪ್ರೋಟೀನ್ ಜಾಸ್ತಿ. ಈಗ ನನಗೆ ಅದೇ ವಾಸಿ. ಇನ್ನೊಂದು ಉಪಾಯ ನೋಡಿ, ಮೆಕ್ಕೆಜೋಳ, ಜೋಳದ ಗ್ಲುಟೆನ್ (ಅದರ ಪ್ರೋಟೀನ್ ಭಾಗ), ಜೋಳದ ತೌಡು ಅಂತ ಮೂರು ಕಡೆ ಬಿಡಿಬಿಡಿಯಾಗಿ ಬರೆದಿದ್ದಾರೆ. ಮೂರೂ ಸೇರಿದರೆ ಜೋಳವೇ ಮೊದಲು ನಿಲ್ಲುತ್ತೆ.

ಈ ಇನ್ನೊಂದರಲ್ಲಿ ಪ್ರೋಟೀನ್ 20 ಪರ್ಸೆಂಟ್, ಕೊಬ್ಬು 10, ನಾರು 5, ತೇವ 10. ಬೂದಿ ಅಂಶ, ಅಂದರೆ ಖನಿಜ, ಬರೆದಿಲ್ಲ, 8 ಅಂತ ಇಟ್ಟುಕೊಳ್ಳಿ. ಕೂಡಿದರೆ 53. ಉಳಿದ 47 ಹೆಚ್ಚಾಗಿ ಪಿಷ್ಟ, ಅಂದರೆ ಹತ್ತಿರ ಹತ್ತಿರ ಅರ್ಧ ಚೀಲ ಧಾನ್ಯ. ಹಿಂದಿನ ವಿಡಿಯೋದಲ್ಲಿ ನಾನೇ "ಗ್ರೇನ್ ಫ್ರೀ ಮಾತ್ರ ಕೊಡಿ", ಅಂದರೆ ಧಾನ್ಯ ಇಲ್ಲದ್ದು, ಅಂತ ಜೋರಾಗಿ ಹೇಳಿದ್ದೆ. ವಾಪಸ್ ತೆಗೆದುಕೊಳ್ಳುತ್ತೇನೆ. ತೋಳಕ್ಕಿಂತ ನಾಯಿಗೆ ಪಿಷ್ಟ ಜೀರ್ಣಿಸುವ ಜೀನ್‌ನ ಪ್ರತಿಗಳು ಎಷ್ಟೋ ಜಾಸ್ತಿ ಅಂತ 2013ರಲ್ಲೇ ಸ್ವೀಡನ್‌ನ ವಿಜ್ಞಾನಿಗಳು ತೋರಿಸಿದ್ದಾರೆ. ಅದಲ್ಲದೆ 2018ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ, ಬಟಾಣಿ, ಬೇಳೆ, ಆಲೂಗಡ್ಡೆ ತುಂಬಿದ ಫುಡ್ ತಿಂದ ನಾಯಿಗಳಲ್ಲಿ ಹೃದಯದ ಕಾಯಿಲೆ ಬಂದ ದೂರುಗಳನ್ನು ನೋಡತೊಡಗಿತು. ಅವುಗಳಲ್ಲಿ ಬಹಳಷ್ಟು ಗ್ರೇನ್ ಫ್ರೀ. ಅದರಿಂದಲೇ ಬಂತು ಅಂತ ಸಾಬೀತಾಗಿಲ್ಲ. ಆದರೆ ಅಕ್ಕಿ ತೆಗೆದು ಬಟಾಣಿ ತುಂಬಿದ್ದಕ್ಕೆ ಡಬಲ್ ದುಡ್ಡು ಯಾಕೆ ಕೊಡಬೇಕು?

ಪ್ರೋಟೀನ್ ಅಂಕಿಯೂ ಪೂರ್ತಿ ನಂಬುವ ಹಾಗಿಲ್ಲ. ಲ್ಯಾಬ್‌ನಲ್ಲಿ ಅಳೆಯುವುದು ನೈಟ್ರೋಜನ್. ಅದರ ಮೇಲೆ ಪ್ರೋಟೀನ್ ಇಷ್ಟು ಅಂತ ಲೆಕ್ಕ ಹಾಕುತ್ತಾರೆ. ಚೀನಾದಿಂದ ಅಮೆರಿಕಕ್ಕೆ ಹೋದ ಗೋಧಿ ಗ್ಲುಟೆನ್‌ಗೆ ಮೆಲಮೈನ್ ಬೆರೆಸಿದ್ದು 2007ರಲ್ಲಿ ಬಯಲಾಯಿತು. ಅದು ಪ್ಲಾಸ್ಟಿಕ್ ಮಾಡಲು ಬಳಸುವ, ನೈಟ್ರೋಜನ್ ತುಂಬಿದ ರಾಸಾಯನಿಕ. ಲೆಕ್ಕದಲ್ಲಿ ಪ್ರೋಟೀನ್ ಏರಿತು, ನಾಯಿ ಬೆಕ್ಕುಗಳು ಕಿಡ್ನಿ ಕೆಟ್ಟು ಸತ್ತವು. ಕೆನಡಾದ ಮೆನು ಫುಡ್ಸ್ ಎಂಬ ಒಂದೇ ಕಂಪನಿ ಎಷ್ಟೋ ಬ್ರಾಂಡ್‌ಗಳಿಗೆ ಮಾಲು ಮಾಡಿಕೊಡುತ್ತಿತ್ತು. ಆ ಬ್ರಾಂಡ್‌ಗಳ ರಾಶಿ ರಾಶಿ ಮಾಲನ್ನು ವಾಪಸ್ ಕರೆಸಬೇಕಾಯಿತು. ಹಾಗೆ ಕರೆಸಿದಾಗ ಮನೆಯಲ್ಲಿರುವವರು ನೋಡಬೇಕಾದ್ದು ಏನು? ಚೀಲದ ಮೇಲಿನ ಕೋಡ್, ತಾರೀಖು. ಮತ್ತೆ ನನ್ನ ಡ್ರಮ್ ನೆನಪಾಯಿತು, ಬಿಡಿ.

ಅಂಗಡಿಯವರು ಕಾಯುತ್ತಿದ್ದಾರೆ. "ಮೇಡಂ, ಪೌಚ್ ಕೊಡ್ಲಾ?" ಪೌಚ್ ಅಂದರೆ ಒದ್ದೆ ಫುಡ್. ಅದರ ಮೇಲೆ ಪ್ರೋಟೀನ್ 8 ಅಂತಿದೆ. ಛೇ, ಕಡಿಮೆ ಅನಿಸುತ್ತೆ ಅಲ್ವಾ? ತೇವ 80 ಇದೆ. ಒಣಗಿಸಿದರೆ ಉಳಿಯುವ 20ರಲ್ಲಿ 8, ಅಂದರೆ 40 ಪರ್ಸೆಂಟ್. ಒಳ್ಳೆಯದೇ. ಆದರೆ ದಿನಾ ಇದನ್ನೇ ಹಾಕಿದರೆ ನಾನು ಸ್ಕೂಟರ್ ಮಾರಬೇಕು.

ಅಂದ ಹಾಗೆ ಈ ಸಾಲಿನ ಪೆಡಿಗ್ರೀ, ಆ ಗಾಜಿನ ಬೀರುವಿನ ರಾಯಲ್ ಕ್ಯಾನಿನ್, ಎರಡೂ ಮಾರ್ಸ್ ಕಂಪನಿಯದೇ. ಸ್ನಿಕರ್ಸ್ ಮಾಡುವವರು. ಚಾಕೊಲೇಟ್ ನಾಯಿಗೆ ವಿಷ, ಅದನ್ನು ಮಾಡುವವರೇ ನಾಯಿಗೂ ಊಟ ಹಾಕುತ್ತಾರೆ. ಸುಮ್ನೆ ಹೇಳಿದೆ.

ಕೊನೆಗೆ ಇದು. ಚಿಕನ್ ಮೀಲ್, ಅಕ್ಕಿ, ಬೆಳೆದ ನಾಯಿಗೆ. ಸಂಪೂರ್ಣ ಆಹಾರ ಅಂತ ಬರೆದಿದೆ, ಎಎಎಫ್‌ಸಿಒ (ಪ್ರಾಣಿಗಳ ಆಹಾರ ನೋಡಿಕೊಳ್ಳುವ ಅಮೆರಿಕದ ಅಧಿಕಾರಿಗಳ ಸಂಘ) ಪಟ್ಟಿಗೆ ಸರಿಹೊಂದುತ್ತೆ ಅಂತಲೂ ಇದೆ. ಆ ಸಂಸ್ಥೆ ಯಾರಿಗೂ ಸರ್ಟಿಫಿಕೇಟ್ ಕೊಡಲ್ಲ, ಪೋಷಕಾಂಶ ಎಷ್ಟಿರಬೇಕು ಅಂತ ಪಟ್ಟಿ ಮಾಡುತ್ತೆ ಅಷ್ಟೇ. ಬೆಳೆದ ನಾಯಿಗೆ ಒಣ ಲೆಕ್ಕದಲ್ಲಿ ಕನಿಷ್ಠ 18 ಪರ್ಸೆಂಟ್ ಪ್ರೋಟೀನ್, ಮರಿಗೆ 22.5. 100 ಗ್ರಾಂಗೆ 350 ಕ್ಯಾಲೊರಿ ಅಂತ ಬರೆದಿರುವುದು ನನಗೆ ಹಿಡಿಸಿತು. ತಾರೀಖು ಹೊಸದು. 3 ಕೆಜಿಗೆ 1,140. ಅದರಲ್ಲಿ 18 ಪರ್ಸೆಂಟ್ ಜಿಎಸ್‌ಟಿ, ಸುಮಾರು 174 ರೂಪಾಯಿ. ಬೋಂಡನೂ ತೆರಿಗೆ ಕಟ್ಟುವವನೇ, ವೋಟು ಮಾತ್ರ ಇಲ್ಲ.

ಮನೆಗೆ ಬಂದೆವು. ಬೋಂಡನಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿ ಬೇಕು, ಅಂದರೆ 240 ಗ್ರಾಂ ಆಸುಪಾಸು. ಈ ಲೆಕ್ಕದಲ್ಲಿ ಆ 10 ಕೆಜಿ ಚೀಲ ಆರು ವಾರಕ್ಕೆ ಸರಿಯಾಗಿ ಮುಗಿಯಬೇಕಿತ್ತು. ನಮ್ಮ ಮನೆಯಲ್ಲಿ ಮೂರು ತಿಂಗಳಾದರೂ ಯಾಕೆ ಮುಗಿಯಲಿಲ್ಲ? ಕ್ಯಾಮೆರಾ ಅಮ್ಮನ ಕಡೆ ತಿರುಗಿಸುತ್ತೇನೆ. ಮೊಸರನ್ನ! ಮಧ್ಯಾಹ್ನ ಒಂದು ಬಟ್ಟಲು, ನಾನು ಇಲ್ಲದಾಗ. "ಅದೇನ್ ಗೋಲಿ ತರ ಒಣಗಿರೋದನ್ನ ತಿನ್ನುತ್ತೆ ಕಣೇ ಪಾಪ." ಅಮ್ಮ, ಕೊಡು, ನನಗೆ ಹೇಳಿ ಕೊಡು. ಅಷ್ಟು ಕಾಳು ಕಡಿಮೆ ಹಾಕುತ್ತೇನೆ.

ಹಳೆಯದನ್ನೆಲ್ಲ ಎಸೆದಾಯಿತು. ಒಂದು ವಾರದಿಂದ ಬೇಯಿಸಿದ ಚಿಕನ್, ಅನ್ನ ತಿನ್ನುತ್ತಿದ್ದಾನೆ. ಅದರ ಜೊತೆಗೇ ಹೊಸದನ್ನು ಕಾಲು ಭಾಗ ಬೆರೆಸಿ, ಏಳೆಂಟು ದಿನದಲ್ಲಿ ಏರಿಸುತ್ತಾ ಹೋಗುವುದು. ಈ ಸಲ ಡ್ರಮ್ ತೊಳೆದು ಒಣಗಿಸಿ, ಚೀಲವನ್ನು ಚೀಲದ ಸಮೇತ ಒಳಗಿಟ್ಟಿದ್ದೇನೆ, ಬಾಯಿಗೆ ಬಟ್ಟೆ ಕ್ಲಿಪ್. ಬ್ಯಾಚ್ ನಂಬರ್ ಫೋಟೋ ತೆಗೆದೆ. ಸಾಲದು ಅಂತ ಚೀಟಿಯಲ್ಲಿ ಬರೆದು ಫ್ರಿಜ್ ಮೇಲೂ ಅಂಟಿಸಿದೆ.

ಬಟ್ಟಲು ನೋಡಿ ಈಗ. ಅನ್ನ ಖಾಲಿ, ಚಿಕನ್ ಖಾಲಿ, ಹೊಸ ಕಾಳು ಮಾತ್ರ ಒಂದೊಂದಾಗಿ ಹೊರಗಿಟ್ಟಿದ್ದಾನೆ. ಎಣಿಸಿದೆ, ಹದಿನೇಳು. ಅಮ್ಮ ನಗುತ್ತಿದ್ದಾರೆ. ಫ್ರಿಜ್ ಮೇಲಿನ ಚೀಟಿ ತೋರಿಸಿ, "ಇದೇನೇ, ಲಾಟರಿ ನಂಬರಾ?" ಅಂತ ಕೇಳುತ್ತಿದ್ದಾರೆ. ಬ್ಯಾಟರಿ 4 ಪರ್ಸೆಂಟ್ ಇದೆ, ಉತ್ತರ ಆಮೇಲೆ ಕೊಡುತ್ತೇನೆ. ಬೋಂಡ, ಹದಿನೆಂಟನೆಯದನ್ನು ಎಲ್ಲಿಟ್ಟೆ?