ಕೈ ಹಾಕಬೇಡಿ, ಫೋನ್ ಮಾಡಿ

ಕೇಳುಗರಿಗೆಲ್ಲ ನಮಸ್ಕಾರ. ನಾನು ಶಿರಸಿ ಕಡೆಯ ಒಬ್ಬ ದನದ ಡಾಕ್ಟರು. ಸರ್ಕಾರಿ ಕಾಗದದಲ್ಲಿ ಪಶುವೈದ್ಯಾಧಿಕಾರಿ ಅಂತ ಇತ್ತು, ಆದರೆ ಮೂವತ್ತು ವರ್ಷ ಎಲ್ಲರೂ ಕರೆದಿದ್ದು ದನದ ಡಾಕ್ಟ್ರು ಅಂತಲೇ. ಈಗ ನಿವೃತ್ತಿಯಾಗಿದೆ. ರಾತ್ರಿ ಹತ್ತು ಗಂಟೆಗೆ ಫೋನ್ ಬರುವುದು ಮಾತ್ರ ನಿಂತಿಲ್ಲ. ಮೊದಲೆಲ್ಲ "ಎಮ್ಮೆ ಕರು ಹಾಕಲು ಒದ್ದಾಡುತ್ತಿದೆ, ಬೇಗ ಬನ್ನಿ" ಅಂತ ಬರುತ್ತಿತ್ತು. ಈಗೀಗ ಬೇರೆ ಥರದ ಫೋನು. "ಡಾಕ್ಟ್ರೇ, ಕಾರಿಗೆ ಏನೋ ಅಡ್ಡ ಬಂದುಬಿಟ್ಟಿತು. ಮುಳ್ಳುಹಂದಿ ಇರಬೇಕು. ಹಿಂದಿನ ಸೀಟಲ್ಲಿ ಹಾಕಿಕೊಂಡು ನಿಮ್ಮ ಮನೆಗೇ ಬರ್ತಾ ಇದ್ದೇವೆ."

ಹಿಂದಿನ ಸೀಟಲ್ಲಿ! ಮುಳ್ಳುಹಂದಿ!

ಇವತ್ತು ನಾನು ಹೇಳುವುದು ಒಂದೇ ಮಾತು. ಅದನ್ನೇ ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಗಾಡಿಗೆ ಕಾಡುಪ್ರಾಣಿ ಬಡಿದರೆ ಅದಕ್ಕೆ ಕೈ ಹಾಕಬೇಡಿ. ಫೋನ್ ಮಾಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಪೆನ್ನು ಹುಡುಕುತ್ತಿದ್ದರೆ ನಿಧಾನಕ್ಕೆ ಹುಡುಕಿ, ಆಮೇಲೆ ಮತ್ತೆ ಹೇಳುತ್ತೇನೆ.

"ಕಾಡುಪ್ರಾಣಿ ಅಡ್ಡ ಬರುವುದು ಅಣಶಿ ಘಟ್ಟದಲ್ಲಿ, ಜೋಯಿಡಾ ದಾರಿಯಲ್ಲಿ. ನಾವು ಪೇಟೆಯವರು, ನಮಗೇನು?" ಅಂತ ಕೆಲವರು ಅಂದುಕೊಳ್ಳುತ್ತಿರಬಹುದು. ಹಾಗಲ್ಲ ಮಾರಾಯರೆ. ಘಟ್ಟದಲ್ಲಿ ನೀವು ಹುಷಾರಾಗಿಯೇ ಇರುತ್ತೀರಿ. ಅರಬೈಲು ಇಳಿಯುವಾಗ, ದೇವಿಮನೆ ಹತ್ತುವಾಗ ಯಾರಿಗೂ ನಿದ್ದೆ ಬರುವುದಿಲ್ಲ. ನನ್ನ ಹತ್ತಿರ ಬಂದ ಕೇಸುಗಳಲ್ಲಿ ಹೆಚ್ಚಿನವು ಮನೆ ಹತ್ತಿರದವು. ಘಟ್ಟ ಮುಗಿಯಿತು, ಹೆದ್ದಾರಿ ಮುಗಿಯಿತು, ನಮ್ಮ ಕೇರಿಯ ತಿರುವು ಬಂತು. ಇನ್ನೇನು, ಊಟಕ್ಕೆ ಎಲೆ ಹಾಕಿದ್ದಾರೆ. ಆಗ ಕಾಲು ತಾನಾಗೇ ಆಕ್ಸಲರೇಟರ್ ಒತ್ತುತ್ತದೆ.

ಶಿರಸಿ ಸುತ್ತಲಿನ ಹೊಸ ಬಡಾವಣೆಗಳನ್ನೇ ನೋಡಿ. ನಾನು ಕೆಲಸಕ್ಕೆ ಸೇರಿದಾಗ ಅವೆಲ್ಲ ಹುಲ್ಲು ಬೆಳೆಯುವ ಬೇಣ, ಕುರುಚಲು ಗುಡ್ಡ. ಈಗ ಸೈಟು, ಕಾಂಕ್ರೀಟ್ ರಸ್ತೆ, ಬೀದಿದೀಪ. ಪ್ರಾಣಿಗಳ ದಾರಿ ಮಾತ್ರ ಹಳೆಯದೇ. ಜೂನ್ ಬಂತೆಂದರೆ ಹಲಸಿನ ಹಣ್ಣು ಉದುರಿ ರಸ್ತೆ ಬದಿಯೆಲ್ಲ ವಾಸನೆ. ಜೊತೆಗೆ ನಾವು ತಿಂದು ಕಾಂಪೌಂಡಿನಿಂದ ಆಚೆ ಎಸೆದ ಸಿಪ್ಪೆಯ ರಾಶಿ. ಕಾಡುಹಂದಿ ಅದನ್ನು ಬಿಟ್ಟು ಮತ್ತೆಲ್ಲಿಗೆ ಹೋಗಬೇಕು? ಕಬ್ಬೆಕ್ಕು ರಾತ್ರಿಯಿಡೀ ಹಣ್ಣು ಹುಡುಕುತ್ತ ಮಾಡಿನಿಂದ ಮಾಡಿಗೆ ತಿರುಗುತ್ತಿರುತ್ತದೆ. ಕರಾವಳಿಯವರು ನಗಬೇಡಿ, ನಿಮ್ಮದೂ ಅದೇ ಕತೆ. ಕುಮಟೆ, ಅಂಕೋಲೆ, ಕಾರವಾರದ ಗುಡ್ಡದ ಬುಡದ ಕೇರಿಗಳಲ್ಲಿ ನರಿ, ನವಿಲು, ಉಡ, ಮುಳ್ಳುಹಂದಿ ಎಲ್ಲ ಇವೆ.

ಈಗ ನನ್ನದೇ ಒಂದು ಕತೆ ಹೇಳುತ್ತೇನೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ಮಳೆಗಾಲ. ಪಕ್ಕದ ಊರಲ್ಲಿ ತಾಳಮದ್ದಳೆ ಮುಗಿಸಿ ಬರುತ್ತಿದ್ದೆ. ರಾತ್ರಿ ಹನ್ನೊಂದು ದಾಟಿತ್ತು. ಕರ್ಣನ ಪಾತ್ರದವರು ಬಹಳ ಚೆನ್ನಾಗಿ ಅರ್ಥ ಹೇಳಿದ್ದರು, ಅದೇ ಗುಂಗು. ನನ್ನದು ಹಳೇ ಮಾರುತಿ ಓಮ್ನಿ. ವೈಪರ್ ಒಂದು ಕಡೆಯದು ಮಾತ್ರ ಓಡುತ್ತಿತ್ತು. ನಮ್ಮ ಕೇರಿಯ ರಸ್ತೆಗೆ ತಿರುಗಿದೆ. ಮನೆಯ ಲೈಟು ಕಾಣುತ್ತಿದೆ. ಎಡಗಡೆ ಎತ್ತರದ ಧರೆ. ಧರೆಯ ಮೇಲಿನಿಂದ ಕೆಂಪಗೆ ಏನೋ ಹಾರಿತು. ಧಡ್ ಅಂತ ಶಬ್ದ.

ಇಳಿದು ನೋಡಿದರೆ ಕಾಡುಕುರಿ. ಹೆಸರಿಗೆ ಕುರಿ, ನಿಜಕ್ಕೂ ಜಿಂಕೆ ಜಾತಿ. ರಾತ್ರಿ ಕಾಡಿನಲ್ಲಿ ನಾಯಿ ಬೊಗಳಿದ ಹಾಗೆ ಕೂಗುತ್ತದಲ್ಲ, ಅದೇ. ಗಂಡು. ಗೇಣುದ್ದವೂ ಇಲ್ಲದ ಕೋಡು. ಕೋಡಿನ ಬುಡದಿಂದ ಮುಖದ ಮೇಲೆ ಇಳಿದ ಎರಡು ಕಪ್ಪು ಗೆರೆ. ಮೇಲ್ದವಡೆಯಿಂದ ಹೊರಗೆ ಇಣುಕುವ ಸಣ್ಣ ಕೋರೆಹಲ್ಲು. ನೆನೆದ ಮೈಯಿಂದ ಹೆಡ್‌ಲೈಟಿನ ಬೆಳಕಿನಲ್ಲಿ ಹಬೆ ಏಳುತ್ತಿತ್ತು. ಹೊಟ್ಟೆ ಏರಿಳಿಯುತ್ತಿತ್ತು. ನಾಲ್ಕೂ ಕಾಲು ಮುಟ್ಟಿ ನೋಡಿದೆ, ಸರಿ ಇದ್ದವು. ಪಕ್ಕೆಲುಬೂ ಸರಿ. ಬಾಯಲ್ಲಿ, ಮೂಗಲ್ಲಿ ರಕ್ತ ಇಲ್ಲ. ತಲೆಗೆ ಪೆಟ್ಟು ಬಿದ್ದು ಮಂಕು ಹಿಡಿದಿತ್ತು, ಅಷ್ಟೇ.

ಆಗ ನಾನು ಮಾಡಬೇಕಾಗಿದ್ದು ಏನು? ಹಿಂದೆ ಸರಿದು, ಹೆಡ್‌ಲೈಟ್ ಆರಿಸಿ, ದೂರ ನಿಂತು ಕಾಯುವುದು. ಫಾರೆಸ್ಟ್ ಗಾರ್ಡ್ ಮನೆ ಅಲ್ಲಿಂದ ಒಂದು ಕಿಲೋಮೀಟರ್ ಕೂಡ ಇರಲಿಲ್ಲ. ಅವರು ಬರುವುದರೊಳಗೆ ಅದು ತಾನಾಗೇ ಎದ್ದು ಹೋದರೂ ಹೋಗುತ್ತಿತ್ತು.

ನಾನು ಮಾಡಿದ್ದು? ಡಾಕ್ಟರಲ್ಲವಾ, ಅಹಂಕಾರ! ಟವೆಲ್ಲಿನಲ್ಲಿ ಸುತ್ತಿ, ಎತ್ತಿಕೊಂಡು ಸೀದಾ ಮನೆಯ ಜಗಲಿಗೆ ತಂದೆ.

ಜಗಲಿಯಲ್ಲಿ ಟ್ಯೂಬ್‌ಲೈಟು. ಹೆಂಡತಿ, ಮಕ್ಕಳು, ಆಚೆಮನೆಯವರು, ಈಚೆಮನೆಯವರು. ಐದು ನಿಮಿಷದಲ್ಲಿ ಹದಿನೈದು ಜನ. ನಮ್ಮ ನಾಯಿ ಸರಪಳಿ ಹರಿಯುವ ಹಾಗೆ ಬೊಗಳುತ್ತಿತ್ತು. ಆಚೆಮನೆ ಅಜ್ಜಿ ಲೋಟದಲ್ಲಿ ಬೆಚ್ಚಗಿನ ಹಾಲು ಹಿಡಿದುಕೊಂಡು ಬಂದರು. "ಒಂದು ಗುಟುಕು ಬಾಯಿಗೆ ಬಿಡಾ ತಮಾ, ಪಾಪ" ಅಂದರು. ಹುಡುಗರು ಮೂತಿ ಸವರಿದರು. ಒಬ್ಬ ಮಹಾಶಯ ಓಡಿಹೋಗಿ ಕ್ಯಾಮೆರಾ ತಂದು ಫ್ಲ್ಯಾಷ್ ಹೊಡೆದ. ನಾನು ಬ್ಯಾಗು ತೆಗೆದು ನೋವಿನ ಇಂಜೆಕ್ಷನ್ ಹಾಕಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ?

ಅದು ಕಣ್ಣು ಬಿಟ್ಟಿತು. ಸುತ್ತ ಮುಖಗಳು. ಒಮ್ಮೆಲೇ ಎದ್ದು ಗೋಡೆಗೆ ಹಾಯಿತು, ಜಾರಿ ಬಿತ್ತು, ಮತ್ತೆ ಎದ್ದಿತು. ರೆಡ್‌ಆಕ್ಸೈಡ್ ನೆಲದ ಮೇಲೆ ಗೊರಸು ಕಚ್ಚುತ್ತದೆಯೇ? "ಹಿಡೀರಿ, ಪೆಟ್ಟು ಮಾಡಿಕೊಳ್ಳುತ್ತದೆ" ಅಂತ ನಾನೇ ಕೂಗಿದೆ. ನಾಲ್ಕು ಜನ ಸೇರಿ ಅದುಮಿ ಹಿಡಿದೆವು. ಬಾಯಿ ತೆರೆದು ಏದುಸಿರು ಬಿಡತೊಡಗಿತು. ಮೈ ಕೆಂಡದ ಹಾಗೆ ಕಾಯುತ್ತಿತ್ತು. ಸ್ವಲ್ಪ ಹೊತ್ತಿಗೆ ಒದ್ದಾಟ ನಿಂತಿತು. "ಸುಮ್ಮನಾಯಿತು ನೋಡಿ, ನಮ್ಮ ಮೇಲೆ ನಂಬಿಕೆ ಬಂತು" ಅಂದರು ಯಾರೋ. ಬಗ್ಗಿ ಎದೆಗೆ ಕೈಯಿಟ್ಟು ನೋಡಿದೆ. ಸತ್ತಿತ್ತು. ಅಜ್ಜಿಯ ಹಾಲಿನ ಲೋಟ ಜಗಲಿಕಟ್ಟೆಯ ಮೇಲೆ ಹಾಗೇ ಇತ್ತು, ಕೆನೆ ಕಟ್ಟಿತ್ತು.

ಮಾರನೇ ದಿನ ಇಲಾಖೆಯವರ ಎದುರು ಪೋಸ್ಟ್‌ಮಾರ್ಟಂ ಮಾಡಿದವನೂ ನಾನೇ. ಒಂದು ಎಲುಬೂ ಮುರಿದಿರಲಿಲ್ಲ. ಒಳಗೆ ಎಲ್ಲೂ ರಕ್ತ ಸುರಿದಿರಲಿಲ್ಲ.

ಇದಕ್ಕೆ ನಮ್ಮ ಪುಸ್ತಕದಲ್ಲಿ ಹೆಸರಿದೆ, ಕ್ಯಾಪ್ಚರ್ ಮಯೋಪತಿ. ಹೆಸರು ಮರೆತುಬಿಡಿ, ಸಂಗತಿ ನೆನಪಿಡಿ. ಜಿಂಕೆ ಜಾತಿಯ ಪ್ರಾಣಿಯನ್ನು ಹಿಡಿದರೆ ಅದಕ್ಕೆ ವಿಪರೀತ ಗಾಬರಿ. ಗಾಬರಿಯಲ್ಲಿ ಒದ್ದಾಡಿ ಒದ್ದಾಡಿ ಮಾಂಸಖಂಡ ಒಳಗೊಳಗೇ ಹಾಳಾಗುತ್ತದೆ. ರಕ್ತದಲ್ಲಿ ಆಮ್ಲ ಏರುತ್ತದೆ. ಮೈ ಕಾಯುತ್ತದೆ, ಹೃದಯ ಸೋಲುತ್ತದೆ. ಕೆಲವು ಅಲ್ಲೇ ಸಾಯುತ್ತವೆ. ಕೆಲವು ಎದ್ದು ಓಡಿ, ಎರಡು ಮೂರು ದಿನ ಬಿಟ್ಟು ಸಾಯುತ್ತವೆ. ನಾವು ಕೊರಳು ಸವರಿದರೆ ಹಟ್ಟಿಯ ದನಕ್ಕೆ ಸಮಾಧಾನ ಆಗುತ್ತದೆ. ಕಾಡುಕುರಿಗೆ ಅದೇ ಕೈ ಚಿರತೆಯ ಪಂಜ. ನಿಮ್ಮ ಮನಸ್ಸಿನಲ್ಲಿ ಪ್ರೀತಿ ಇದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಎರಡನೇ ಸಲ ಹೇಳುತ್ತೇನೆ. ಕೈ ಹಾಕಬೇಡಿ. 1926ಕ್ಕೆ ಫೋನ್ ಮಾಡಿ. ಅದು ಸಿಗದಿದ್ದರೆ 112. ಎಲ್ಲಿದ್ದೀರಿ ಅಂತ ಸರಿಯಾಗಿ ಹೇಳಿ. "ಶಿರಸಿ ಹತ್ತಿರ" ಅಂದರೆ ಸಾಲದು. ಯಾವ ರಸ್ತೆ, ಯಾವ ಶಾಲೆ ದಾಟಿ, ಯಾವ ಸೇತುವೆ ಪಕ್ಕ. ಪ್ರಾಣಿ ಉಸಿರಾಡುತ್ತಿದೆಯೇ, ಎದ್ದು ನಿಂತಿದೆಯೇ, ಕುಂಟುತ್ತಾ ಯಾವ ಕಡೆ ಹೋಯಿತು, ಅಷ್ಟು ಸಾಕು.

ಅವರು ಬರುವ ತನಕ ಏನು ಮಾಡುವುದು ಅಂತ ಕೇಳುತ್ತೀರಿ. ಏನೂ ಮಾಡದೆ ಇರುವುದೇ ದೊಡ್ಡ ಕೆಲಸ, ನಮ್ಮ ಜನಕ್ಕೆ ಅದೇ ಕಷ್ಟ. ಗಾಡಿಯನ್ನು ಬದಿಗೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಹಿಂದಿನಿಂದ ಬರುವವರಿಗೆ ನಿಧಾನ ಮಾಡಲು ಕೈ ತೋರಿಸಿ. ಪ್ರಾಣಿಯ ಮುಖಕ್ಕೆ ಬೆಳಕು ಬಿಡಬೇಡಿ. ಜನ ಸೇರಿದರೆ ಕಳಿಸಿ, ನಾಯಿ ಬಂದರೆ ಓಡಿಸಿ. ಮೊಬೈಲ್ ಜೇಬಿನಲ್ಲಿರಲಿ. ಹಾಲು, ನೀರು ಏನೂ ಬೇಡ. ಎಚ್ಚರ ಇಲ್ಲದ ಪ್ರಾಣಿಗೆ ನೀರು ಬಿಟ್ಟರೆ ಅದು ಹೋಗುವುದು ಶ್ವಾಸಕೋಶಕ್ಕೆ. ಬಾಯಿಗೆ ನೀರು ಬಿಟ್ಟು ಪುಣ್ಯ ಕಟ್ಟಿಕೊಳ್ಳುವುದು ಸಾಯುವ ಮನುಷ್ಯರಿಗೆ, ಅದಿನ್ನೂ ಸಾಯುತ್ತಿಲ್ಲ. ಕಾಡುಕೋಣ ಆದರೆ ಕಾರಿನಿಂದ ಇಳಿಯಲೇ ಬೇಡಿ. ದೊಡ್ಡ ಗಂಡು ಸಾವಿರ ಕಿಲೋ ಹತ್ತಿರ ತೂಗುತ್ತದೆ, ಪೆಟ್ಟು ತಿಂದಿದ್ದರಂತೂ ನಿಮ್ಮ ಕಾರು ಅದಕ್ಕೆ ತಗಡಿನ ಡಬ್ಬಿ.

ಇನ್ನು ಕೇಸಿನ ಹೆದರಿಕೆ. ಓಡಿಹೋಗುವವರೆಲ್ಲ ಅದಕ್ಕೇ ಓಡುವುದು. ನೋಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪಿ ಸತ್ತ ಕಾಡುಪ್ರಾಣಿಯೂ ಸರ್ಕಾರದ ಸ್ವತ್ತು. ಸತ್ತ ಮೈ, ಕೋಡು ಏನೇ ನಿಮ್ಮ ಕೈಗೆ ಬಂದರೂ 48 ಗಂಟೆಯೊಳಗೆ ಪೊಲೀಸರಿಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ನಾನೇ ಹೊಡೆದೆ, ಬನ್ನಿ ಅಂತ ಫೋನ್ ಮಾಡಿದವನಿಗೂ, ಡಿಕ್ಕಿಯಲ್ಲಿ ಹಾಕಿಕೊಂಡು ಹೋದವನಿಗೂ ವ್ಯತ್ಯಾಸ ಇರುತ್ತದಲ್ಲವೇ? "ಹೇಗೂ ಸತ್ತಿದೆಯಲ್ಲ ಡಾಕ್ಟ್ರೇ, ಮಣ್ಣಿಗೆ ಹಾಕುವ ಬದಲು..." ಅಂತ ಒಬ್ಬರು ನನ್ನ ಹತ್ತಿರ ಪಿಸುಗುಟ್ಟಿದ್ದರು. ಆ "ಬದಲು" ಅನ್ನುವುದಕ್ಕೇ ಜೈಲು ಇರುವುದು. ಡಿಕ್ಕಿ ತೆರೆಯಬೇಡಿ. ಕೈ ಹಾಕಬೇಡಿ. ಇದು ಮೂರನೇ ಸಲ.

ನನ್ನ ಕತೆಯೇ ಉದ್ದವಾಯಿತು. ವೇಗದ ಬಗ್ಗೆ ಎರಡು ಪುಟ ಬರೆದು ತಂದಿದ್ದೆ, ಈಗ ಓದಲು ಸಮಯ ಇಲ್ಲ. ಲೆಕ್ಕ ಮಾತ್ರ ಹೇಳುತ್ತೇನೆ. ಡಿಮ್ ಲೈಟಿನಲ್ಲಿ ಮುಂದೆ ಕಾಣುವುದು 40-50 ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಹೋಗುತ್ತೀರಿ. ಅಂದರೆ ನೀವು ಬ್ರೇಕ್ ಒತ್ತುವುದರೊಳಗೇ 17 ಮೀಟರ್ ಹೋಯಿತು. ಒದ್ದೆ ರಸ್ತೆಯಲ್ಲಿ ಪೂರ್ತಿ ನಿಲ್ಲುವಾಗ ಕಾಣುತ್ತಿದ್ದ ಅಷ್ಟೂ ದೂರ ಮುಗಿದಿರುತ್ತದೆ. 40ರಲ್ಲಿದ್ದರೆ ಅದರ ಅರ್ಧದಲ್ಲಿ ನಿಲ್ಲುತ್ತೀರಿ. ಕೇರಿಯೊಳಗೆ 40 ಕೂಡ ಜಾಸ್ತಿಯೇ.

"ಕಣ್ಣು ಹೊಳೆಯುತ್ತದೆ, ದೂರದಿಂದಲೇ ಗೊತ್ತಾಗುತ್ತದೆ" ಅನ್ನುವವರಿಗೂ ಒಂದು ಮಾತು. ಜಿಂಕೆ, ಕಬ್ಬೆಕ್ಕಿನ ಕಣ್ಣಿನ ಹಿಂದೆ ಕನ್ನಡಿಯಂಥ ಪದರ ಇರುತ್ತದೆ, ಅದಕ್ಕೇ ಹೊಳೆಯುವುದು. ಹಂದಿಗೆ ಆ ಪದರ ಇಲ್ಲ. ಕಪ್ಪು ಮೈ, ಕಪ್ಪು ಡಾಂಬರು, ಹೊಳೆಯದ ಕಣ್ಣು. ಜೊತೆಗೆ ಒಂದು ದಾಟಿತೆಂದರೆ ಹಿಂದೆ ಮರಿಗಳ ಸಾಲು ಇರುತ್ತದೆ. ಮೊದಲನೆಯದು ತಪ್ಪಿತು ಅಂತ ಗೇರು ಬದಲಿಸಬೇಡಿ, ಸ್ವಲ್ಪ ತಡೆಯಿರಿ. ಮತ್ತೆ, ತಪ್ಪಿಸಲು ಹೋಗಿ ಸ್ಟೇರಿಂಗ್ ತಿರುಗಿಸಿ ಚರಂಡಿಗೆ ಇಳಿಯಬೇಡಿ. ನೇರ ಬ್ರೇಕ್ ಹಾಕಿ.

ಮಂಗ ಬಡಿದರೆ? ಇದು ಮುಖ್ಯ, ಸಿದ್ದಾಪುರ, ಹೊನ್ನಾವರದ ಕಡೆಯವರು ಕಿವಿಗೊಟ್ಟು ಕೇಳಿ. ಮಂಗನ ಕಾಯಿಲೆ ನಮಗೆ ಹೊಸದಲ್ಲ. ಅದನ್ನು ಮೊದಲು ಗುರುತಿಸಿದ್ದೇ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ, 1957ರಲ್ಲಿ. ಅದು ಹರಡುವುದು ಉಣುಗಿನಿಂದ. ಮಂಗ ಸತ್ತು ಮೈ ತಣ್ಣಗಾದರೆ ಅದರ ಮೈಮೇಲಿನ ಉಣುಗು ಇಳಿದು ಬೇರೆ ಬಿಸಿ ಮೈ ಹುಡುಕುತ್ತದೆ. ಹತ್ತಿರ ಬಗ್ಗಿ ನಿಂತ ನೀವೇ ಆ ಬಿಸಿ ಮೈ. ಸತ್ತ ಮಂಗಕ್ಕೆ ಹೂವು, ಕುಂಕುಮ ಹಾಕುವ ಭಕ್ತಿ ನನಗೂ ಅರ್ಥವಾಗುತ್ತದೆ. ದೂರದಿಂದಲೇ ಕೈ ಮುಗಿಯಿರಿ. ಅರಣ್ಯ ಇಲಾಖೆಯ ಜೊತೆಗೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸಿ. ಯಾವ ಪ್ರಾಣಿಯೇ ಆಗಲಿ ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ಹಚ್ಚಿ ನೀರಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ ಆಮೇಲೆ.

ಕೊನೆಗೆ ಒಂದು ಪ್ರಶ್ನೆ. ಎಲ್ಲಿ ಮಾತಾಡಿದರೂ ಯಾರಾದರೂ ಎದ್ದು ನಿಂತು ಕೇಳೇ ಕೇಳುತ್ತಾರೆ. "ಡಾಕ್ಟ್ರೇ, ಹಾವು ಗಾಲಿಗೆ ಸಿಕ್ಕಿದರೆ? ಅರ್ಧ ಜೀವ ಇದ್ದರೆ? ಕೋಲಿನಲ್ಲಿ ಎತ್ತಿ ಬದಿಗೆ ಹಾಕಬಹುದಾ?" ಅರ್ಧ ಜೀವ ಇದೆ ಅಂತ ನೀವೇ ಹೇಳುತ್ತೀರಿ. ಅದು ಯಾವ ಅರ್ಧ ಅಂತ ನೋಡಿಕೊಂಡಿದ್ದೀರಾ? ನಾಲ್ಕನೇ ಸಲ ಹೇಳುತ್ತೇನೆ ಅಂದಿದ್ದೆ, ಇಗೋ ಹೇಳಿದೆ. ನಂಬರು 1926. ಪೆನ್ನು ಇಷ್ಟೊತ್ತಿಗೆ ಸಿಕ್ಕಿರಬೇಕು. ನಮಸ್ಕಾರ.