ಒಂದು ಸಲ ಕರೀರಿ, ಎರಡನೇ ಸಲ ಬೇಡ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತಿದ್ದೆ. ಆದರೆ ಹೋದ ಭಾನುವಾರ ಮದ್ದೂರಿನ ಹತ್ತಿರ ಒಂದು ಬೀಗರ ಊಟಕ್ಕೆ ಹೋಗಿದ್ದೆ. ಅದಿನ್ನೂ ಅರಗಿಲ್ಲ. ಮಟನ್ ಅಲ್ಲ, ಮಟನ್ ಚೆನ್ನಾಗಿತ್ತು. ಅರಗದೇ ಇರೋದು ನಮ್ಮ ಮಾವ.

ಎರಡನೇ ಪಂಕ್ತಿ ಕೂತಿದೆ. ಎಲೆಗೆ ಮುದ್ದೆ ಬಿದ್ದಿದೆ. ಮಾವ ಮಾತ್ರ ಶಾಮಿಯಾನದ ಹೊರಗೆ, ಹುಣಸೆ ಮರದ ಕೆಳಗೆ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ನಮ್ಮ ಕಡೆಗೆ ಬೆನ್ನು. ಪೂರ್ತಿ ಬೆನ್ನಲ್ಲ, ಕರೆಯೋಕೆ ಯಾರು ಬರುತ್ತಿದ್ದಾರೆ ಅಂತ ಕಾಣುವಷ್ಟು ಓರೆ. ಕಾರಣ ಏನು? ಲಗ್ನಪತ್ರಿಕೆಯಲ್ಲಿ ಅವರ ಹೆಸರು ಮೂರನೇ ಸಾಲಿನಲ್ಲಿತ್ತು.

"ನಂದೇನಿದ್ದದು ಬುಡಪ್ಪ, ನೀವೆಲ್ಲ ಉಣ್ಣಿ. ನಾನ್ ಯಾವ ಲೆಕ್ಕ?"

ನಾನು ಕರೆದೆ. ಅತ್ತೆ ಕರೆದರು. ಮದುವೆ ಗಂಡೇ ಅರ್ಧ ಊಟಕ್ಕೆ ಕೈ ತೊಳೆದು ಎದ್ದು ಬಂದ. ಆರನೇ ಸಲಕ್ಕೆ ಎದ್ದರು. ಅಷ್ಟರಲ್ಲಿ ಬೋಟಿ ಖಾಲಿ. ಅದಕ್ಕೂ ಬೇಜಾರು.

ನನ್ನದು ಒಂದೇ ಮಾತು. ಒಂದು ಸಲ ಕರೀರಿ. ಎರಡನೇ ಸಲ ಬೇಡ.

ನಾರ್ಸಿಸಿಸ್ಟ್, ಅಂದರೆ ತಾನೇ ಎಲ್ಲರಿಗಿಂತ ದೊಡ್ಡವನು ಅಂದುಕೊಂಡವನು, ಅಂದ ಕೂಡಲೇ ಮೀಸೆ ತಿರುವಿಕೊಂಡು, ತನ್ನದೇ ಫ್ಲೆಕ್ಸ್ ಹಾಕಿಸಿಕೊಂಡು ಮೆರೆಯುವವನು ನೆನಪಾಗುತ್ತಾನೆ. ಅವನು ಒಂದು ಬಗೆ ಅಷ್ಟೇ. 1991ರಲ್ಲಿ ಪಾಲ್ ವಿಂಕ್ ಅನ್ನೋ ಮನಶ್ಶಾಸ್ತ್ರಜ್ಞರು ಈ ಸ್ವಭಾವಕ್ಕೆ ಎರಡು ಮುಖ ಇದೆ ಅಂತ ಬರೆದರು. ಒಂದು ಮೆರೆಯುವ ಮುಖ, ಇನ್ನೊಂದು ನೋಯುವ ಮುಖ. ಈ ಎರಡನೆಯದೇ ವಲ್ನರಬಲ್ ನಾರ್ಸಿಸಿಸಂ. ನಾನು ಅದನ್ನು 'ಮುನಿಸಿನ ಅಹಂ' ಅಂತೀನಿ. 'ನಾನು ಎಲ್ಲರಂತಲ್ಲ' ಅನ್ನೋದು ಇಬ್ಬರ ಒಳಗೂ ಇದೆ. ಅವನು ಅದನ್ನು ಮೈಕ್ ಹಿಡಿದು ಹೇಳುತ್ತಾನೆ. ಇವರು, ನೀವೇ ಬಂದು ಹೇಳಲಿ ಅಂತ ಕಾಯುತ್ತಾರೆ. ಹೇಳದಿದ್ದರೆ ಅವಮಾನ, ಹೊಟ್ಟೆಕಿಚ್ಚು, ಹುಣಸೆ ಮರ.

1997ರಲ್ಲಿ ಹೆಂಡಿನ್ ಮತ್ತು ಚೀಕ್ ಅನ್ನೋ ಇಬ್ಬರು ಇದನ್ನು ಅಳೆಯೋಕೆ ಹತ್ತು ಹೇಳಿಕೆಗಳ ಪಟ್ಟಿ ಮಾಡಿದರು. ಹತ್ತು ಯಾಕೆ ಬೇಕಿತ್ತೋ! ಮಂಡ್ಯಕ್ಕೆ ಬಂದಿದ್ದರೆ ಒಂದು ಲಗ್ನಪತ್ರಿಕೆ ಸಾಕಾಗುತ್ತಿತ್ತು.

ಹಾಗಂತ ಎಲ್ಲರಿಗೂ ಕಾಯಿಲೆ ಅಂತ ಪಟ್ಟ ಕಟ್ಟಬೇಡಿ. ನಾರ್ಸಿಸ್ಟಿಕ್ ಪರ್ಸನಾಲಿಟಿ ಡಿಸಾರ್ಡರ್ ಅನ್ನೋದಕ್ಕೆ ಮಾನಸಿಕ ಕಾಯಿಲೆ ಗುರುತಿಸೋಕೆ ಡಾಕ್ಟರುಗಳು ಬಳಸುವ ಡಿಎಸ್‌ಎಂ ಕೈಪಿಡಿಯಲ್ಲಿ ಒಂಬತ್ತು ಲಕ್ಷಣ ಇವೆ, ಐದಾದರೂ ಇರಬೇಕು. ಅದನ್ನು ಡಾಕ್ಟರ್ ನೋಡಿ ಹೇಳಬೇಕು. ಎಲೆ ಮುಂದೆ ಕೂತ ನಾನಲ್ಲ.

ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಸೂಕ್ಷ್ಮ ಮನಸ್ಸಿನವರನ್ನ ಆಡ್ಕೋಬೇಡಿ, ಪಾಪ." ಸ್ವಾಮಿ, ಸೂಕ್ಷ್ಮ ಮನಸ್ಸಾಗಿದ್ದರೆ ಮದುವೆ ಗಂಡು ಊಟ ಬಿಟ್ಟು ಎದ್ದದ್ದು ಕಾಣಬೇಕಿತ್ತಲ್ವಾ? ತಮ್ಮ ಕಾಲಿಗೆ ಚುಚ್ಚಿದ್ದು ಮಾತ್ರ ಮುಳ್ಳು ಅನ್ನೋದು ಯಾವ ಸೀಮೆ ಸೂಕ್ಷ್ಮ? ನೋವು ನಾಟಕ ಅಂತ ನಾನು ಹೇಳುತ್ತಿಲ್ಲ. ನೋವು ನಿಜ. ಇಂಥವರಿಗೆ ಆತಂಕ, ಖಿನ್ನತೆ ಜಾಸ್ತಿ. ಆದರೆ ಆರು ಸಲ ಕರೆದರೆ ಆ ನೋವು ಹೋಯಿತಾ? ಬೋಟಿಗೆ ಶಿಫ್ಟ್ ಆಯಿತು!

ಆರನೇ ಸಲಕ್ಕೆ ಎದ್ದರು ಅಂದರೆ ನಾವು ಕಲಿಸಿದ್ದೇನು? ಐದು ಸಲ ಕೂತಿರು, ಆರನೆಯದು ಬರುತ್ತದೆ ಅಂತ. ಒಮ್ಮೊಮ್ಮೆ ಮಾತ್ರ ಸಿಗುವ ಫಲ ಅಭ್ಯಾಸವನ್ನು ಇನ್ನೂ ಗಟ್ಟಿ ಮಾಡುತ್ತದೆ. ಲಾಟರಿ ಆಡುವವರನ್ನು ನೋಡಿ. ಕರೆಯೋದು ನಿಲ್ಲಿಸಿದರೆ ಮೊದಮೊದಲು ಮುನಿಸು ಜಾಸ್ತಿಯೇ ಆಗಬಹುದು. ಆಗ ಹೆದರಿಕೊಂಡು ಏಳನೇ ಸಲ ಕರೆದಿರೋ, ಮುಗೀತು. ಮುಂದಿನ ಮದುವೆಗೆ ಏಳರಿಂದ ಲೆಕ್ಕ ಶುರು.

ಆ ಒಂದು ಸಲ ಮಾತ್ರ ಚೆನ್ನಾಗಿ ಕರೀರಿ. "ಮಾವ, ಹೆಸರಿನ ವಿಷಯಕ್ಕೆ ಬೇಜಾರಾಗಿದೆ ಅಂತ ಗೊತ್ತಾಯ್ತು. ಎಲೆ ಹಾಕಿದೆ, ಬನ್ನಿ." ಅಷ್ಟೇ. ಇಪ್ಪತ್ತು ವರ್ಷದ ಹಿಂದಿನ ಗೃಹಪ್ರವೇಶದ ಪಂಚೆ ವಿಷಯ ಎತ್ತಿದರೆ ವಾದಕ್ಕೆ ಇಳಿಯಬೇಡಿ. ನಿಮ್ಮದು ತಪ್ಪಿದ್ದರೆ ಕ್ಷಮೆ ಕೇಳಿ, ಅದೂ ಒಂದೇ ಸಲ. ಮಾಡದ ತಪ್ಪಿಗೆ ಕೇಳಬೇಡಿ. ವಾಪಸ್ ಬಂದು ನಿಮ್ಮ ಮುದ್ದೆ ಮುರೀರಿ.

ಅಂದಹಾಗೆ, 'ಒಂದೇ ಸಲ' ಅಂತ ಬರೆದಿರುವ ಕಾಫಿ ಲೋಟ ಮಾಡಿಸಿದ್ದೀನಿ. 250 ರೂಪಾಯಿ, ಲಿಂಕ್ ಕೆಳಗಿದೆ. ಇಲ್ಲಿವರೆಗೆ ಹನ್ನೊಂದು ಹೋಗಿವೆ. ನಾಲ್ಕು ನಮ್ಮಕ್ಕನೇ ತಗೊಂಡಿದ್ದು.

ಒಂದು ಕಡೆ ಮಾತ್ರ ತಮಾಷೆ ಇಲ್ಲ. "ನಾನು ಸತ್ತರೆ ನಿಮಗೆಲ್ಲ ನೆಮ್ಮದಿ" ಅಂದರೆ ನನ್ನ ಲೆಕ್ಕ ಬಿಡಿ. ಪಕ್ಕದಲ್ಲಿ ಕೂತು ಕೇಳಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಡೆಯೋಕೆ ಕೈ ಎತ್ತುವವರಾದರೆ ಅವರನ್ನು ಊಟಕ್ಕೆ ಕರೆಯೋದೇ ಬೇಡ. ಮೊದಲು ನೀವು ಅಲ್ಲಿಂದ ಹೊರಡಿ.

ಉಳಿದವರಿಗೆಲ್ಲ ಒಂದೇ ಸಲ! "ದೊಡ್ಡವರಿಗೆ ಮರ್ಯಾದೆ ಕೊಡಬೇಕಲ್ಲಪ್ಪ" ಅಂತೀರಾ? ಆರು ಸಲ ಕರೆದರೆ ಮಾತ್ರ ಮರ್ಯಾದೆ ಅಂತ ಯಾವ ಶಾಸ್ತ್ರದಲ್ಲಿದೆ? ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಹೋದರೆ ತಾಯಿ ಸುಮ್ನೆ ದರ್ಶನ ಕೊಡುತ್ತಾಳೆ. ಮೂತಿ ತಿರುಗಿಸಿಕೊಂಡು ಕೂರಲ್ಲ. ನಮ್ಮ ಮಾವ ತಾಯಿಗಿಂತ ದೊಡ್ಡವರಾ? ಹೇಳಿ!

ಮೊನ್ನೆ ಈ ಸ್ಕ್ರಿಪ್ಟನ್ನ ಮನೆಯಲ್ಲಿ ಓದಿ ಹೇಳಿದೆ. "ಸ್ವಲ್ಪ ಉದ್ದ ಆಯ್ತು ಕಣ್ರೀ" ಅಂದಳು ನಮ್ಮನೆಯವಳು. ಉದ್ದ ಆಯ್ತಂತೆ! ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಪೂರ್ತಿ ಅಲ್ಲ, ಸ್ವಲ್ಪ ಓರೆ. "ಊಟ ಆಗಿದೆ, ಬನ್ನಿ" ಅಂದಳು. ಒಂದು ಸಲ. ಆಮೇಲೆ ಟಿವಿ ಸದ್ದು. ಹತ್ತೂವರೆಗೆ ನಾನೇ ಎದ್ದು ಹೋದೆ. ಮುದ್ದೆ ಕಲ್ಲಾಗಿತ್ತು. ಅದು ಬೇರೆ ವಿಷಯ ಬಿಡಿ. ನನಗೆ ಹಸಿವಿರಲಿಲ್ಲ, ಅಷ್ಟೇ.

ಮಾವನಿಗೆ ಸೋಮವಾರ ಫೋನ್ ಮಾಡಿದ್ದೆ. ಎತ್ತಲಿಲ್ಲ. ನನ್ನ ಲೆಕ್ಕ ಮುಗೀತು. ನಮ್ಮಮ್ಮ ಮಾತ್ರ ದಿನಾ ಮಾಡುತ್ತಿದ್ದಾಳೆ. ಅವಳಿಗೆ ಯಾರು ಹೇಳೋದು?

ಸರಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಒಂದೇ ಸಲ ಹೇಳ್ತೀನಿ.

ಮಾಡಿದ್ರಾ? ಮಾಡ್ರೀ.